ಕೈಗುಣ ಎಂದರೆ ಸಿಟ್ಟಾಗುತ್ತಿದ್ದ ಡಾಕ್ಟರು

ಅವರ ಎದುರು ‘ಕೈಗುಣ’ ಎಂಬ ಮಾತು ಎತ್ತಬಾರದು ಎನ್ನುವುದನ್ನು ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿತೆ. ಹೆಬಳೆ ಊರಿನ ಅಜ್ಜಿಯೊಬ್ಬರು ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಮನೆಗೆ ಹೊರಟಿದ್ದರು. ಹೋಗುವ ಮೊದಲು ಡಾಕ್ಟರ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು, “ಎಂತಾ ಕೈಗುಣ ನಿಮ್ದು, ಒಂಚೂರೂ ನೋವಿಲ್ಲ” ಎಂದರು.

ಡಾಕ್ಟರು ಕೈ ಬಿಡಿಸಿಕೊಂಡರು. “ಅಜ್ಜೀ, ಕೈಗೆ ಗುಣ ಅಂತ ಇರೂದಿಲ್ಲ. ಅಭ್ಯಾಸ ಇರ್ತದೆ. ನಿಮಗೆ ಮಾಡೂಕಿಂತ ಮುಂಚೆ ಅದೇ ವಾರ ಮೂರು ಜನಕ್ಕೆ ಇದನ್ನೇ ಮಾಡಿದ್ದೆ. ಕೈಗೆ ಮರೆಯೂಕೆ ಪುರಸೊತ್ತು ಸಿಕ್ಕಿರ್ಲಿಲ್ಲ, ಅಷ್ಟೇ.”

“ಹೌದೌದು,” ಅಜ್ಜಿ ನನ್ನ ಕಡೆ ತಿರುಗಿ ಹೇಳಿದರು, “ಕೈಗುಣ ಇದ್ದವ್ರು ಹಿಂಗೇ ಹೇಳೂದು.”

ಆ ದಿನ ಆಪರೇಷನ್ ಥಿಯೇಟರಿನಲ್ಲಿ ಅವರ ಸಿಟ್ಟು ಇಳಿಯಲೇ ಇಲ್ಲ. ಒಗ್ಗರಣೆ ಹೆಚ್ಚಾದ ಅಡುಗೆ ಉಂಡವರ ಹಾಗೆ ಮುಖ ಮಾಡಿಕೊಂಡಿದ್ದರು.

ಹೋದ ತಿಂಗಳು ಅವರು ಆಪರೇಷನ್ ಮಾಡುವುದನ್ನು ನಿಲ್ಲಿಸಿದರು. ರೋಗಿಗಳನ್ನು ನೋಡುವುದನ್ನು ನಿಲ್ಲಿಸಿಲ್ಲ, ಚಾಕು ಹಿಡಿಯುವುದನ್ನು ಮಾತ್ರ. ಸನ್ಮಾನ ಬೇಡ, ಶಾಲು ಬೇಡ, ಭಾಷಣವಂತೂ ಬೇಡವೇ ಬೇಡ ಎಂದು ಮೊದಲೇ ತಾಕೀತು ಮಾಡಿದ್ದರಿಂದ ನಾವು ಚಹಾ ಮತ್ತು ಗೋಳಿಬಜೆಗೆ ಮುಗಿಸಿದೆವು. ಹೆಸರು ಬರೆದರೆ ಅದೂ ಸನ್ಮಾನವೇ ಎಂದು ಅವರು ವಾದ ಮಾಡಬಹುದು. ಹಾಗಾಗಿ ಇಲ್ಲಿ ಅವರು ಬರೀ ಡಾಕ್ಟರು.

ಏಳು ವರ್ಷ ನಾನು ಹೊನ್ನಾವರದಲ್ಲಿ ಅವರ ಥಿಯೇಟರಿನ ನರ್ಸ್ ಆಗಿದ್ದೆ. ಅವರದ್ದು ಮೂರೂರಿನ ಕೆಲಸ. ಸೋಮವಾರ ಕುಮಟಾ, ಗುರುವಾರ ಭಟ್ಕಳ, ಉಳಿದ ದಿನ ಹೊನ್ನಾವರ. ಎಷ್ಟೋ ಸಲ ನಾವೂ ಅವರ ಕಾರಿನಲ್ಲೇ ಸಲಕರಣೆಯ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದೆವು. ದಿನಾ ಸಂಜೆ ಡೈರಿ ಬರೆಯುವುದು ನನ್ನ ಅಭ್ಯಾಸ: ಇವತ್ತು ಯಾವ ಆಪರೇಷನ್, ಎಷ್ಟು ಹೊತ್ತು, ಯಾರಿಗೆ ಹೇಗಾಯಿತು. ಇದು ಅವರಿಗೆ ಗೊತ್ತಿತ್ತು. ಹಲವು ಸಲ ಕೈ ತೊಳೆಯುತ್ತಾ, “ಕೂಸೇ, ಈ ವರ್ಷ ಎಷ್ಟು ಹರ್ನಿಯಾ ಆತು?” ಎಂದು ಕೇಳುತ್ತಿದ್ದರು. ನಾನು ಹೇಳಿದ ಸಂಖ್ಯೆ ಅವರಿಗೆ ಸಮಾಧಾನ ಆಗುವಷ್ಟಿದ್ದರೆ ತಲೆಯಾಡಿಸುತ್ತಿದ್ದರು. ಕಡಿಮೆ ಎನಿಸಿದರೆ ಒಂದು ಕ್ಷಣ ನಲ್ಲಿಯ ಕೆಳಗೆ ಕೈ ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು.

ಡಾಕ್ಟರು ಆಳು ಗಿಡ್ಡ. ಥಿಯೇಟರಿನಲ್ಲಿ ಅವರಿಗೆಂದೇ ಒಂದು ಮರದ ಮಣೆ ಇತ್ತು, ಅದರ ಮೇಲೆ ನಿಂತು ಆಪರೇಷನ್ ಮಾಡುತ್ತಿದ್ದರು. ಉಳಿದ ಸರ್ಜನ್‌ಗಳು ಮೇಜನ್ನು ತಗ್ಗಿಸಿಕೊಳ್ಳುತ್ತಾರೆ. ಇವರು, “ನನಗೆ ಸಹಾಯ ಮಾಡೂವವ್ರ ಬೆನ್ನು ಯಾಕೆ ಬಗ್ಗಬೇಕು?” ಎನ್ನುತ್ತಿದ್ದರು. ಮಾತು ಕನ್ನಡ, ಕೊಂಕಣಿ, ಹರುಕು ಉರ್ದು, ಬಂದವರಿಗೆ ತಕ್ಕಂತೆ. ಮನೆಮಾತು ಹೊರಬರುತ್ತಿದ್ದುದು ಎರಡೇ ಹೊತ್ತಿನಲ್ಲಿ, ತುಂಬಾ ಸಿಟ್ಟು ಬಂದಾಗ ಮತ್ತು ತುಂಬಾ ಖುಷಿಯಾದಾಗ.

ಅವರದ್ದೊಂದು ಹಟವಿತ್ತು. ಆಪರೇಷನ್‌ಗೆ ಒಪ್ಪಿಕೊಂಡ ಪ್ರತಿಯೊಬ್ಬರೂ ಸಹಿ ಹಾಕುವ ಮೊದಲು, “ನೀವು ಇದನ್ನು ಎಷ್ಟು ಮಾಡಿದ್ದೀರಿ? ಕೊನೆಯದು ಯಾವಾಗ ಮಾಡಿದ್ದು? ಹೇಗಾಯಿತು?” ಎಂದು ಅವರನ್ನು ಕೇಳಲೇಬೇಕು. ನಮ್ಮ ಕಡೆಯವರು ಡಾಕ್ಟರ ಬಾಯಿಂದ ಬಂದದ್ದಕ್ಕೆ ಹೂಂ ಎನ್ನುವವರು. ಲೆಕ್ಕ ಕೇಳುವುದು ಅವಮಾನ ಮಾಡಿದ ಹಾಗೆ ಎಂದು ತಿಳಿದವರು. ಗಂಡಸರು ನೆಲ ನೋಡುತ್ತಿದ್ದರು, ಹೆಂಗಸರು ಸೆರಗು ಬಾಯಿಗೆ ಹಿಡಿಯುತ್ತಿದ್ದರು. ಇವರು ಬಿಡುತ್ತಿರಲಿಲ್ಲ. “ಕೇಳಿ ಮಾರಾಯ್ರೇ. ಕೇಳದಿದ್ರೆ ನಾನು ಮಾಡೂದಿಲ್ಲ.”

ಒಂದು ಸೋಮವಾರ ಕುಮಟಾದಲ್ಲಿ ಬಾಡ ಎಂಬ ಊರಿನ, ಮೀನು ಮಾರುವ ಹೆಂಗಸೊಬ್ಬರು ಮಾತ್ರ ಅವರಿಗೆ ಸರಿಯಾಗಿ ಜವಾಬು ಕೊಟ್ಟರು. “ನನ್ನತ್ರ ಮೀನು ತಕ್ಕೊಳ್ಳೂಕೆ ಬಂದವ್ರು ಕಿವಿರು ಎತ್ತಿ ನೋಡ್ತ್ರು ಡಾಕ್ಟ್ರೇ. ಕೆಂಪಿದ್ರೆ ತಾಜಾ. ನಿಮ್ದು ಎಲ್ಲಿ ಎತ್ತಿ ನೋಡೂದು?”

ಡಾಕ್ಟರು ಕನ್ನಡಕ ತೆಗೆದು ನಕ್ಕರು. “ಅದೇ ಮಾರಾಯ್ತಿ ನಾ ಹೇಳೂದು. ಎಷ್ಟು ಮಾಡಿದೆ, ಯಾವಾಗ ಮಾಡಿದೆ ಅಂತ ಕೇಳೂದೇ ಕಿವಿರು ಎತ್ತೂದು. ಹಳೇ ಮೀನೂ ಮೀನೇ, ಆದ್ರೆ ನೀನು ತಕ್ಕೊಳ್ತೀಯಾ?”

ಇಷ್ಟೆಲ್ಲ ಹೇಳುವ ಮನುಷ್ಯ ಹೆದರುತ್ತಿದ್ದದ್ದು ಒಂದೇ ಆಪರೇಷನ್‌ಗೆ. ಕಾಲಿನ ಬೈಪಾಸ್. ತೊಡೆಯ ಒಳಗಿನ ದೊಡ್ಡ ರಕ್ತನಾಳ ಕಟ್ಟಿಕೊಂಡು ಪಾದಕ್ಕೆ ರಕ್ತ ಇಳಿಯದಿದ್ದಾಗ, ಅದೇ ಕಾಲಿನ ಚರ್ಮದ ಕೆಳಗಿನ ಒಂದು ಸಿರೆಯನ್ನು ಬಿಡಿಸಿ ತೆಗೆದು, ಕಟ್ಟಿದ ಜಾಗಕ್ಕಿಂತ ಮೇಲೆ ಒಂದು ತುದಿಯನ್ನೂ ಕೆಳಗೆ ಇನ್ನೊಂದು ತುದಿಯನ್ನೂ ಹೊಲಿಯುತ್ತಾರೆ. ರಕ್ತ ಆ ಹೊಸ ದಾರಿಯಲ್ಲಿ ಇಳಿಯುತ್ತದೆ. ಹೇಳಲು ಇಷ್ಟೇ. ಹೊಲಿಗೆಯ ದಾರ ತಲೆಗೂದಲಿಗಿಂತ ಸಪೂರ. ಹೊಸದಾಗಿ ಡಾಕ್ಟರಾಗಿದ್ದಾಗ ದೊಡ್ಡ ಊರಿನಲ್ಲಿ ಇದನ್ನು ಅವರು ಕಲಿತಿದ್ದರು. ನಮ್ಮ ಕಡೆಗೆ ಬಂದ ಮೇಲೆ ಅಂಥ ರೋಗಿಗಳು ಆಗೊಮ್ಮೆ ಈಗೊಮ್ಮೆ ಮಾತ್ರ.

ಅಭ್ಯಾಸ ಬಿಟ್ಟುಹೋಗಬಾರದು ಎಂದು ಅವರು ಮಾಡಿದ ಒಂದು ಪ್ರಯತ್ನ ಭಟ್ಕಳದಲ್ಲಿ ಇನ್ನೂ ಕೆಲವರಿಗೆ ನೆನಪಿದೆ. ಗುರುವಾರ ಅಲ್ಲಿಗೆ ಹೋದಾಗ ಸ್ವತಃ ಮಟನ್ ಅಂಗಡಿಗೆ ನಡೆದರು. ಹುಟ್ಟಿದಂದಿನಿಂದ ಮೊಟ್ಟೆಯನ್ನೂ ಮುಟ್ಟದ ಮನೆತನದವರು. ಅಂಗಡಿಯ ಸಾಹೇಬರು ಕುರ್ಚಿಯಿಂದ ಎದ್ದೇ ನಿಂತರಂತೆ. ಇವರು ಆಡಿನ ಎದೆಯಿಂದ ಇಳಿಯುವ ದೊಡ್ಡ ರಕ್ತನಾಳ ಬೇಕು ಎಂದರು.

“ಡಾಕ್ಟರ್ ಸಾಬ್, ಕಲೇಜಿ ಬೇಡ, ಕೀಮಾ ಬೇಡ, ಬರೀ ಪೈಪ್ ಬೇಕಾ? ಇದ್ರಲ್ಲಿ ಸಾರು ಚಲೋ ಆಗೂದಿಲ್ಲ.”

“ಸಾರಿಗಲ್ಲ ಭಾಯ್, ಹೊಲಿಯೂಕೆ.”

“ಹೊಲಿದು?”

“ಬಿಚ್ಚೂದು. ಮತ್ತೆ ಹೊಲಿಯೂದು.”

ಸಾಹೇಬರು ಪೊಟ್ಟಣ ಕಟ್ಟಿಕೊಡುತ್ತಾ ನಮ್ಮ ಡ್ರೈವರನ್ನು ಬದಿಗೆ ಕರೆದು, “ಡಾಕ್ಟರ್ ಸಾಬ್‌ಗೆ ಮನೇಲಿ ಎಲ್ಲಾ ಸರಿ ಉಂಟಾ?” ಎಂದು ವಿಚಾರಿಸಿದರು. ಒಂದು ಮಳೆಗಾಲ ಪೂರ್ತಿ ಹೀಗೆ ನಡೆಯಿತು. ಊಟದ ವಿರಾಮದಲ್ಲಿ ಮಣೆಯ ಮೇಲೆ ನಿಂತು ಹೊಲಿಯುತ್ತಿದ್ದರು, ನಾನು ದಾರ ಕತ್ತರಿಸುತ್ತಿದ್ದೆ. “ಮನೆಯಲ್ಲಿ ಗೊತ್ತಾದ್ರೆ ಯಂಗೆ ಊಟ ಇಲ್ಲೆ” ಎಂದು ನಗುತ್ತಿದ್ದರು. ಅವರ ಮನೆಮಾತಿನಲ್ಲಿ ‘ಯಂಗೆ’ ಎಂದರೆ ನನಗೆ. ಹೊಲಿಗೆ ನೋಡಲು ಚೆಂದ ಬರುತ್ತಿತ್ತು. ಆದರೂ ಮಳೆಗಾಲ ಮುಗಿದ ಮೇಲೆ ಒಂದು ದಿನ ಸೂಜಿ ಕೆಳಗಿಟ್ಟು, “ಇದರಿಂದ ಪ್ರಯೋಜನ ಇಲ್ಲ” ಎಂದರು. “ಆಡು ಬೀಡಿ ಸೇದೂದಿಲ್ಲ ನೋಡು. ಇದರ ನಾಳ ಬಾಳೆದಿಂಡಿನ ಹಾಗೆ ಮೆತ್ತಗೆ. ನಮ್ಮವರದ್ದು ಮೊಟ್ಟೆಸಿಪ್ಪೆ. ಸೂಜಿ ಚುಚ್ಚಿದ್ರೆ ಚೂರಾಗ್ತದೆ. ಅದು ಎಲ್ಲಿ ಚೂರಾಗ್ತದೆ ಅಂತ ಆಡು ಕಲಿಸೂದಿಲ್ಲ.”

ತಮಗೆ ಅಭ್ಯಾಸ ತಪ್ಪಿದ ಕೆಲಸದ ರೋಗಿಗಳನ್ನು ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸುವುದೆಂದರೆ ಅವರಿಗೆ ಕೈ ತೊಳೆದುಕೊಳ್ಳುವುದಾಗಿರಲಿಲ್ಲ. ಒಮ್ಮೆ ಬೈಕಿನಿಂದ ಬಿದ್ದು ಮೊಣಕಾಲಿನ ಹಿಂದಿನ ರಕ್ತನಾಳ ಹರಿದುಕೊಂಡ ಯುವಕನನ್ನು ಭಟ್ಕಳದಲ್ಲಿ ಮೇಜಿನ ಮೇಲೆ ಮಲಗಿಸಿದರು. ಆ ಹರುಕನ್ನು ಹೊಲಿಯಲು ಹೋಗಲಿಲ್ಲ. ಎರಡು ತುದಿಗೂ ಒಂದು ಸಣ್ಣ ಪ್ಲಾಸ್ಟಿಕ್ ನಳಿಗೆ ಸೇರಿಸಿ ಕಟ್ಟಿ, ಪಾದಕ್ಕೆ ರಕ್ತ ಇಳಿಯುವಂತೆ ಮಾಡಿ, ಅದೇ ಸ್ಥಿತಿಯಲ್ಲಿ ಆಂಬ್ಯುಲೆನ್ಸ್ ಹತ್ತಿಸಿದರು. “ನಳಿಗೆ ಹಾಕೂದು ನನಗೆ ಬರ್ತದೆ. ಉಳಿದದ್ದು ದಿನಾ ಮಾಡೂವವ್ರು ಮಾಡ್ಲಿ.” ಕಾಲು ಉಳಿಯಿತು. ಆ ಯುವಕನ ಮನೆಯವರು ಮಾತ್ರ ಇವತ್ತಿಗೂ, ಅರ್ಧ ಮಾಡಿ ಕಳಿಸಿದರು ಎಂದೇ ಹೇಳುತ್ತಾರೆ.

ಇಷ್ಟನ್ನೂ ನಾನು ಬೇರೆಯವರ ಕಾಲಿನ ವಿಷಯವಾಗಿ ಕಂಡಿದ್ದೆ, ಬರೆದುಕೊಂಡಿದ್ದೆ. ಆಮೇಲೆ ಅಪ್ಪನ ಕಾಲು ಬಂತು.

ನಮ್ಮ ಮನೆ ಶಿರಾಲಿಯಲ್ಲಿ. ಅಪ್ಪ ಹೊನ್ನಾವರ ಮತ್ತು ಭಟ್ಕಳದ ನಡುವೆ ಟೆಂಪೋ ಓಡಿಸುತ್ತಾರೆ. ಬೀಡಿ ಸೇದುವುದು ಹದಿನಾರನೇ ವಯಸ್ಸಿನಿಂದ. ಸ್ಟ್ಯಾಂಡಿನಿಂದ ಚಹಾದಂಗಡಿಗೆ ನಡೆಯುವಾಗ ನಡುವೆ ನಿಂತು ಮೊಬೈಲ್ ನೋಡುತ್ತಿದ್ದರಂತೆ. ಮೊಬೈಲ್‌ನಲ್ಲಿ ಏನೂ ಇರಲಿಲ್ಲ. ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಮಲಗಿದಾಗಲೂ ಪಾದ ಉರಿಯತೊಡಗಿದ ಮೇಲೆ ಅಮ್ಮನಿಗೆ ಹೇಳಿದರು. ಅಮ್ಮ ನಮ್ಮಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದಳು. ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಟ್ಟಳು. ರಕ್ತ ಇಳಿಯದ ಪಾದಕ್ಕೆ ಬಿಸಿ ಎಷ್ಟೆಂದು ಗೊತ್ತಾಗುವುದಿಲ್ಲ. ಹಿಮ್ಮಡಿ ಸುಟ್ಟಿತು, ಅಪ್ಪನಿಗೆ ತಿಳಿಯಲೇ ಇಲ್ಲ. ಆ ಗಾಯ ಒಣಗಲಿಲ್ಲ. ಮೂರನೇ ವಾರ ನಾನು ರಜೆಯ ಮೇಲೆ ಮನೆಗೆ ಹೋದಾಗ ಕಿರುಬೆರಳ ತುದಿ ಕಪ್ಪಾಗಿತ್ತು.

ಮರುದಿನವೇ ಹೊನ್ನಾವರಕ್ಕೆ ಕರೆದುಕೊಂಡು ಬಂದೆ. ಡಾಕ್ಟರು ಅಪ್ಪನ ತೊಡೆಸಂದಿಗೆ ಬೆರಳಿಟ್ಟರು, ಮೊಣಕಾಲಿನ ಹಿಂದೆ ಇಟ್ಟರು, ಪಾದದ ಮೇಲೆ ಇಟ್ಟರು. ಪಾದದ ಮೇಲೆ ಬಹಳ ಹೊತ್ತು ಇಟ್ಟುಕೊಂಡೇ ಇದ್ದರು. ಆಮೇಲೆ ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿ ಬರಲು ಹೇಳಿದರು. ಸ್ಕ್ಯಾನಿನಲ್ಲಿ ತೊಡೆಸಂದಿಯಿಂದ ಮೊಣಕಾಲಿನ ಕೆಳಗಿನವರೆಗೆ ನಾಳ ಕಟ್ಟಿಹೋದದ್ದು ಕಂಡಿತು. ಇಷ್ಟು ಉದ್ದದ ತಡೆಗೆ ಬಲೂನು ಹಾಕಿದರೆ ನಿಲ್ಲುವ ಭರವಸೆ ಇಲ್ಲ, ಬೈಪಾಸೇ ಸರಿ, ತಡಮಾಡಿದರೆ ಪಾದ ಹೋಗುತ್ತದೆ ಎಂದು ಅವರು ಅಪ್ಪನಿಗೆ ನೇರವಾಗಿ ಹೇಳಿದರು.

“ಬೈಪಾಸ್ ಅಂದ್ರೆ ನಮ್ಮ ಹೈವೇಯ ಹಾಗಾ ಡಾಕ್ಟ್ರೇ?” ಎಂದರು ಅಪ್ಪ. “ಹಂಗಾರೆ ನಾ ಬದುಕಿರೂವಾಗ ಮುಗೀತದಾ?”

“ಒಂದೇ ದಿನದಲ್ಲಿ ಮುಗೀತದೆ.”

“ಆತು. ಯಾವತ್ತು ಮಾಡ್ತ್ರಿ?”

“ನಾನು ಮಾಡೂದಿಲ್ಲ.”

ಅಪ್ಪ ನನ್ನ ಮುಖ ನೋಡಿದರು. ಐದು ವರ್ಷ ಮಗಳು ಕೆಲಸ ಮಾಡಿದ ಜಾಗ, ತಾನು ಟೆಂಪೋದಲ್ಲಿ ಎಷ್ಟೋ ಜನರನ್ನು ಕರೆತಂದು ಬಿಟ್ಟ ಡಾಕ್ಟರು. “ಬೇರೆಯವ್ರಿಗೆ ಮಾಡ್ತ್ರಿ, ನಂಗೆ ಇಲ್ಲ ಅಂದ್ರೆ ಎಂತ? ನಿಮ್ಮ ಕೈಗುಣ ನಂಬಿ ಬಂದವ ನಾನು.”

ನಾನು ಕಣ್ಣು ಮುಚ್ಚಿಕೊಂಡೆ. ಆದರೆ ಅವರು ಸಿಟ್ಟಾಗಲಿಲ್ಲ. ಕುರ್ಚಿಯನ್ನು ಅಪ್ಪನ ಹತ್ತಿರಕ್ಕೆ ಎಳೆದುಕೊಂಡು ನನ್ನ ಕಡೆ ತಿರುಗಿದರು. “ಕೂಸೇ, ನೀನು ಬಂದ ಮೇಲೆ ನಾನು ಎಷ್ಟು ಬೈಪಾಸ್ ಮಾಡಿದ್ದೆ?”

“ನಾಲ್ಕು.”

“ಎಷ್ಟು ಕಾಲು ಉಳೀತು?”

“ಮೂರು.”

“ಕೊನೇದು ಯಾವಾಗ?”

“ಎರಡು ವರ್ಷದ ಹಿಂದೆ, ಶ್ರಾವಣದಲ್ಲಿ.”

“ಕೇಳಿದ್ರಾ?” ಎಂದರು ಅಪ್ಪನಿಗೆ.

“ನಾಲ್ಕರಲ್ಲಿ ಮೂರು ಪಾಸಲ್ಲ ಡಾಕ್ಟ್ರೇ?” ಅಪ್ಪ ಬಿಡಲಿಲ್ಲ. “ಮೂವತ್ತು ವರ್ಷ ಆತು ನೀವು ಆಪರೇಷನ್ ಮಾಡೂಕೆ ಹಿಡಿದು.”

“ಹರ್ನಿಯಾದಲ್ಲಿ ಮೂವತ್ತು ವರ್ಷ. ಕಾಲಿನ ನಾಳದಲ್ಲಿ ನಾಲ್ಕು ದಿನ. ಆ ಮೂರು ಕಾಲು ಉಳಿದದ್ದು ನನ್ನಿಂದಲೋ ಅವರ ನಸೀಬಿಂದಲೋ, ನಾಲ್ಕರಲ್ಲಿ ಯಾರಿಗೂ ಹೇಳೂಕಾಗೂದಿಲ್ಲ. ನಾನೂರು ಮಾಡಿದ್ರೆ ಹೇಳಬಹುದಿತ್ತು. ಮಂಗಳೂರಲ್ಲಿ ಒಬ್ಬಳಿದ್ದಾಳೆ, ಇದನ್ನೇ ಮಾಡೂದು, ವಾರ ವಾರ. ಅವಳ ಹತ್ರ ಹೋಗಿ.”

“ಅವಳು ಅಂದ್ರೆ, ಹೆಂಗಸಾ?”

“ಹೆಂಗಸು. ನನ್ನ ಮಗಳ ಪ್ರಾಯ. ನಾನು ಐದು ವರ್ಷದಲ್ಲಿ ಮಾಡಿದ್ದನ್ನ ಅವಳು ಒಂದು ತಿಂಗಳಲ್ಲಿ ಮಾಡಿ ಮುಗಿಸ್ತಾಳೆ.”

ಮನೆಗೆ ಹೋಗುವಾಗ ಅಪ್ಪ ಬೇರೆಯವರ ಟೆಂಪೋದಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಆ ಸಂಜೆಗೇ ಸ್ಟ್ಯಾಂಡಿನಲ್ಲಿ ಸುದ್ದಿಯಾಗಿತ್ತು, ಡಾಕ್ಟರು ಕೈ ಬಿಟ್ಟರಂತೆ ಎಂದು. ನಮ್ಮ ಕಡೆ ಆ ಮಾತಿಗೆ ಒಂದೇ ಅರ್ಥ, ಇನ್ನೇನೂ ಉಳಿದಿಲ್ಲ ಎಂದು. ದಾರಿಯಲ್ಲಿ ಸಿಕ್ಕವರು ಅಪ್ಪನ ಮುಖವನ್ನು ಸತ್ತವರ ಮನೆಗೆ ಬಂದವರ ಹಾಗೆ ನೋಡಿದರು.

ಮರುದಿನ ಚಿಕ್ಕಪ್ಪ ಬಂದ. ಅಪ್ಪನಿಗಿಂತ ಅವನದ್ದೇ ಮಾತು ಜೋರು. “ಅಷ್ಟು ದೂರ ಹೋಗಿ ಮಲಗಿದ್ರೆ ನೋಡೂಕೆ ಯಾರು ಬತ್ರು? ಗಂಜಿ ಕೊಡೂಕೆ ಯಾರು? ಇಲ್ಲೇ ಹತ್ತಿರ ಯಾರಾದ್ರೂ ಮಾಡ್ತ್ರು, ನಾ ಹುಡುಕ್ತೆ. ಇವ್ರಿಗೆ ಧೈರ್ಯ ಇಲ್ಲ ಅಂದ್ರೆ ಧೈರ್ಯ ಇದ್ದವ್ರು ಬೇರೆ ಇದ್ರು.”

“ಧೈರ್ಯ ಇದ್ದವರಿಗಲ್ಲ, ದಿನಾ ಮಾಡುವವರಿಗೆ ಕೊಡುವುದು ಇದು” ಎಂದೆ ನಾನು. ಮಂಗಳೂರಿಗೆ ಕರೆದುಕೊಂಡೇ ಹೋಗುವುದು ಎಂದು ನಾನು ಆಗಲೇ ನಿರ್ಧರಿಸಿದ್ದೆ. ಅಪ್ಪನನ್ನು ಹೊತ್ತುಕೊಂಡಾದರೂ ಸರಿ. ಆದರೆ ಹೊತ್ತುಕೊಂಡು ಹೋಗಬಹುದಾದ ಮನುಷ್ಯರಲ್ಲ ಅವರು.

“ಹೋದ್ರೆ ಕಾಲು ಹೋಗ್ಲಿ,” ಅಪ್ಪ ಗೋಡೆಗೆ ಹೇಳಿದರು. “ಗುರುತಿಲ್ಲದವರ ಕೈಗೆ ಕೊಡೂದಿಲ್ಲ.”

ಅಮ್ಮ ಅಲ್ಲಿಯವರೆಗೆ ಒಳಗೆ ತೆಂಗಿನಕಾಯಿ ತುರಿಯುತ್ತಿದ್ದಳು. ಹಿಮ್ಮಡಿ ಸುಟ್ಟದ್ದು ತನ್ನಿಂದ ಎಂದು ಗೊತ್ತಾದ ದಿನದಿಂದ ಅವಳು ಬಾಯಿ ಬಿಟ್ಟಿರಲಿಲ್ಲ. ತುರಿಮಣೆಯಿಂದ ಎದ್ದು ಬಾಗಿಲಿಗೆ ಬಂದು ನಿಂತಳು.

“ಹೋದ ವರ್ಷ ಟೆಂಪೋದ ಡೀಸೆಲ್ ಪಂಪು ಹಾಳಾದಾಗ ಎಂತ ಮಾಡಿದ್ರಿ?”

ಅಪ್ಪ ತಿರುಗಿ ನೋಡಿದರು.

“ಇಲ್ಲಿನ ಮೆಕ್ಯಾನಿಕ್ ಅಣ್ಣ, ನಾನು ಬಿಚ್ಚಿ ನೋಡ್ತೆ ಅಂದ. ನಮ್ಮ ಮದುವೇಲಿ ಚಪ್ಪರ ಹಾಕಿದವ ಅವ. ಮುಟ್ಟೂಕೆ ಬಿಟ್ರಾ? ಪಂಪು ದಿನಾ ಬಿಚ್ಚೂವವ್ನೇ ಬೇಕು ಅಂತ ಗೋಣಿಚೀಲದಲ್ಲಿ ಕಟ್ಟಿ ಮಂಗಳೂರಿಗೆ ತಕ್ಕೊಂಡ್ ಹೋದ್ರಿ. ಆ ಮಂಗಳೂರಿನವ್ನ ಗುರುತಿತ್ತಾ ನಿಮಗೆ? ಟೆಂಪೋದ ಪಂಪಿಗಿರೂ ಮರ್ಯಾದೆ ಕಾಲಿಗಿಲ್ವಾ?”

ಚಿಕ್ಕಪ್ಪ ಏನೋ ಹೇಳಲು ಹೋದ. “ನೀ ಸುಮ್ನಿರು ಮಾರಾಯಾ,” ಎಂದಳು ಅಮ್ಮ, “ಗಂಜಿ ನಾ ಕೊಡ್ತೆ.”

ಅಪ್ಪ, “ಆತು” ಎಂದರು. “ಆದ್ರೆ ಹೊನ್ನಾವರದ ಡಾಕ್ಟ್ರು ನನ್ನ ಸಂಗ್ತಿಗೆ ಬರಬೇಕು.”

ನಾನು ಡಾಕ್ಟರಿಗೆ ಫೋನಿನಲ್ಲಿ ಹಾಗೇ ಹೇಳಿದೆ. ಅತ್ತ ಕಡೆಯಿಂದ ಒಂದೇ ಮಾತು ಬಂತು. “ಬತ್ತೆ.”

ಆ ವಾರದ ಆಪರೇಷನ್‌ಗಳನ್ನು ಮುಂದಕ್ಕೆ ಹಾಕಿ ಅವರು ರೈಲಿನಲ್ಲಿ ನಮ್ಮ ಜೊತೆಗೇ ಬಂದರು. ದಾರಿಯುದ್ದಕ್ಕೂ ಅಪ್ಪನ ಬಲಗಾಲನ್ನು ಎದುರಿನ ಸೀಟಿನ ಮೇಲೆ, ತಮ್ಮ ಪಕ್ಕದಲ್ಲಿ ಇಡಿಸಿಕೊಂಡಿದ್ದರು. ಮಂಗಳೂರಿನ ಸರ್ಜನ್ ಇವರಿಗಿಂತ ಎತ್ತರ, ಮಾತು ಕಡಿಮೆ. ಅಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿ, ನಮ್ಮ ಡಾಕ್ಟರನ್ನೊಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು ಕೇಳಿಯೇಬಿಟ್ಟರು. “ನೀವು ಇದನ್ನ ಎಷ್ಟು ಮಾಡಿದ್ರಿ?” ಆಕೆ ಬೇಸರಿಸಲಿಲ್ಲ. ಈ ವರ್ಷ ಎಷ್ಟು ಮಾಡಿದೆ, ಎಷ್ಟು ಕಾಲು ಉಳಿಯಿತು, ಎಷ್ಟು ಉಳಿಯಲಿಲ್ಲ, ಮೂರನ್ನೂ ಹೇಳಿದರು. ಉಳಿಯದವನ್ನು ಹೇಳುವಾಗ ದನಿ ತಗ್ಗಿಸಲಿಲ್ಲ. ಅಪ್ಪ ಸಹಿ ಹಾಕಿದರು.

ನಮ್ಮ ಡಾಕ್ಟರು ಅಲ್ಲಿ ಎರಡನೇ ಸಹಾಯಕರಾಗಿ ನಿಲ್ಲಲು ಅನುಮತಿ ಕೇಳಿ ಪಡೆದಿದ್ದರು. ಎರಡನೇ ಸಹಾಯಕ ಎಂದರೆ ಗಾಯದ ಅಂಚನ್ನು ಎಳೆದು ಹಿಡಿದುಕೊಳ್ಳುವವರು, ಸಾಮಾನ್ಯವಾಗಿ ಕಲಿಯುವ ಹುಡುಗರು ಮಾಡುವ ಕೆಲಸ. ನಾನು ಮತ್ತು ಅಮ್ಮ ಹೊರಗೆ ಕೂತಿದ್ದೆವು. ಐದು ವರ್ಷದಲ್ಲಿ ನಾನು ಥಿಯೇಟರಿನ ಬಾಗಿಲಿನ ಹೊರಗೆ ಕೂತದ್ದು ಅದೇ ಮೊದಲು. ಹೊರಗೆ ಕೂತವರಿಗೆ ಮಾಡಲು ಏನೂ ಇರುವುದಿಲ್ಲ ಎಂದು ಅಂದು ಗೊತ್ತಾಯಿತು.

ಬಾಗಿಲು ತೆರೆದು ಬಂದ ಡಾಕ್ಟರ ಮುಖ ನೋಡಿದರೆ ಏನೂ ತಿಳಿಯಲಿಲ್ಲ. “ಪಾದ ಬೆಚ್ಚಗಿದ್ದು” ಎಂದರು ಅಮ್ಮನಿಗೆ, ಮನೆಮಾತಿನಲ್ಲೇ. ಆಮೇಲೆ ನೀರು ಕೇಳಿದರು.

ಮೂರನೇ ದಿನ ಅಪ್ಪ ದಿಂಬಿಗೆ ಒರಗಿ ಕೂತಿದ್ದಾಗ ಡಾಕ್ಟರು ಊರಿಗೆ ಹೊರಡುವ ಮೊದಲು ಬಂದರು. ಕಿರುಬೆರಳ ತುದಿಯನ್ನು ತೆಗೆದಿದ್ದರು. ಉಳಿದ ಪಾದ ಪಾದದ ಬಣ್ಣಕ್ಕೆ ಬಂದಿತ್ತು. ಅವರು ಮಂಚದ ಪಕ್ಕದಲ್ಲಿ ಕೂತರು.

“ನಿಮಗೊಂದು ಹೇಳೂದಿದೆ. ಆ ಸಿರೆಯನ್ನ ಮಾಂಸದ ಒಳಗಿಂದ ಸುರಂಗದ ಹಾಗೆ ತೂರಿಸಿ ಕೆಳಗೆ ತಂದು ಹೊಲಿದಳು. ಹೊಲಿಗೆ ಮುಗೀತು. ನಾನು ಬೆರಳಿಟ್ಟು ನೋಡಿದೆ, ಮಿಡಿತ ಜೋರಿತ್ತು. ನನ್ನ ಲೆಕ್ಕದಲ್ಲಿ ಕೆಲಸ ಮುಗಿದಿತ್ತು, ಗಾಯ ಮುಚ್ಚೂದೇ ಬಾಕಿ. ಅವಳು ಶಬ್ದ ಕೇಳೂ ಯಂತ್ರ ತಕ್ಕೊಂಡು ಪಾದದ ಹತ್ರ ಇಟ್ಟು ಕೇಳಿದಳು. ‘ಬಡೀತಾ ಇದೆ, ಹರೀತಾ ಇಲ್ಲ’ ಅಂದಳು. ನನಗೆ ಎರಡೂ ಒಂದೇ ಥರ ಕೇಳಿತು. ಅವಳು ಕೆಳಗಿನ ಹೊಲಿಗೆ ಬಿಚ್ಚಿ ಸಿರೆಯನ್ನ ಹೊರಗೆ ಎಳೆದಳು. ಸ್ನಾಯುವಿನ ಒಳಗೆ ಅದು ಅರ್ಧ ಸುತ್ತು ತಿರುಚಿಕೊಂಡಿತ್ತು. ಸರಿ ಮಾಡಿ ಮತ್ತೆ ತೂರಿಸಿ ಮತ್ತೆ ಹೊಲಿದಳು.”

ಅಪ್ಪ ತಮ್ಮ ಕಾಲನ್ನು ನೋಡಿಕೊಂಡರು. “ನೀವು ಮಾಡಿದ್ರೆ?”

“ಹೊಲಿಗೆ ನಂದೂ ಅಷ್ಟೇ ಚೆಂದ ಬರ್ತಿತ್ತು. ಮುಚ್ಚಿ ಹೊರಗೆ ಬಂದು ನಿಮ್ಮ ಹೆಂಡತಿಗೆ ಎಲ್ಲಾ ಚಲೋ ಆತು ಅಂತ ಹೇಳ್ತಿದ್ದೆ. ಸಂಜೆಯೊಳಗೆ ಪಾದ ತಣ್ಣಗಾಗ್ತಿತ್ತು. ಆಮೇಲೆ ತೆರೆದರೂ ಉಳೀತಿತ್ತಾ ಗೊತ್ತಿಲ್ಲ.”

ಅಮ್ಮ ಗಂಜಿಯ ಡಬ್ಬಿಯ ಮುಚ್ಚಳ ಹಾಕಿದಳು.

“ಇದನ್ನ ನಂಗೆ ಎಂತಕ್ಕೆ ಹೇಳಿದ್ರಿ?” ಎಂದರು ಅಪ್ಪ. “ನಾ ಕೇಳಿರ್ಲಿಲ್ಲ. ನೀವು ಹೇಳದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

“ಊರಿಗೆ ಹೋದ ಮೇಲೆ ನೀವು ದಿನಾ ಎಷ್ಟು ಜನರನ್ನ ಟೆಂಪೋದಲ್ಲಿ ಕೂರಿಸ್ತ್ರಿ. ಅವ್ರಿಗೆ ಹೇಳಬೇಕು.”

“ಎಂತ ಹೇಳ್ಲಿ?”

“ಇದನ್ನೇ. ನನಗೆ ಬರೂದಿಲ್ಲ ಅಂತ.”

“ನಿಮಗೆ ಬರ್ತದೆ. ನೀವು ಮಾಡೂದಿಲ್ಲ, ಅಷ್ಟೇ.”

“ಬರ್ತದೆ ಅಂತ ಹೇಳಿದ್ರೆ ಮುಂದಿನವ ಬಂದು ನನ್ನ ಕೈಯಲ್ಲೇ ಮಾಡಿಸ್ಕೊಳ್ತೆ ಅಂತ ಹಟ ಹಿಡೀತಾನೆ, ನಿಮ್ಮ ಹಾಗೆ. ಅಷ್ಟರಲ್ಲಿ ಬೆರಳು ಕಪ್ಪಾಗ್ತದೆ. ಬರೂದಿಲ್ಲ ಅಂತ್ಲೇ ಹೇಳಿ.”

“ಜನ ನಿಮ್ಮನ್ನ ಎಂತ ಅಂದ್ಕೊಳ್ತ್ರು?”

“ಅದು ಯಂಗೆ ಬಿಡಿ” ಎಂದು ಅವರು ಎದ್ದರು. ಎದ್ದು ನಿಂತಾಗಲೂ ಅವರ ತಲೆ ಕೂತಿದ್ದ ಅಪ್ಪನ ತಲೆಗಿಂತ ಸ್ವಲ್ಪವೇ ಮೇಲಿತ್ತು.

ಅಪ್ಪ ಬೀಡಿ ಬಿಟ್ಟರು. ಸುಲಭಕ್ಕೆ ಬಿಡಲಿಲ್ಲ, ಮೂರು ಸಲ ಬಿಟ್ಟರು. ಈಗ ಬಿಟ್ಟದ್ದು ನಿಂತಿದೆ. ಹೇಳಿದ ದಿನಕ್ಕೆ ಮಂಗಳೂರಿಗೆ ಹೋಗಿ ಆ ಹೊಸ ದಾರಿಯಲ್ಲಿ ರಕ್ತ ಹರಿಯುತ್ತಿದೆಯೇ ಎಂದು ನೋಡಿಸಿಕೊಂಡು ಬರುತ್ತಾರೆ. ವರ್ಷದೊಳಗೆ ಮತ್ತೆ ಟೆಂಪೋ ಹತ್ತಿದರು. ಡಾಕ್ಟರು ಹೇಳಿದ್ದನ್ನು ಅವರು ಹೇಳುತ್ತಾರೋ ಇಲ್ಲವೋ ಎಂದು ನನಗೆ ಅನುಮಾನವಿತ್ತು. ಒಬ್ಬ ಮನುಷ್ಯನ ಮರ್ಯಾದೆ ಕಳೆಯುವ ಮಾತು ಅವರ ಬಾಯಿಂದ ಸುಲಭವಾಗಿ ಬರುವುದಿಲ್ಲ.

ಹೋದ ಶನಿವಾರ ಭಟ್ಕಳಕ್ಕೆ ಹೋಗಲು ಅಪ್ಪನ ಟೆಂಪೋದಲ್ಲೇ ಹತ್ತಿದೆ. ಮುಂದಿನ ಸೀಟಿನಲ್ಲಿ ಅಪ್ಪನ ಪ್ರಾಯದ ಒಬ್ಬರು ಕೂತಿದ್ದರು. ಗದ್ದೆ ಕೆಲಸದವರು. ಹತ್ತುವಾಗ ಕುಂಟಿದ್ದನ್ನು ಅಪ್ಪ ನೋಡಿದ್ದರು. ಎಷ್ಟು ದೂರ ನಡೆದರೆ ನೋವು ಬರುತ್ತದೆ, ನಿಂತರೆ ಹೋಗುತ್ತದೆಯೇ, ಶಾಖ ಕೊಟ್ಟಿರೇ ಎಂದು ಒಂದೊಂದಾಗಿ ಕೇಳುತ್ತಾ ಗಾಡಿ ಓಡಿಸುತ್ತಿದ್ದರು. ಅವರು ಶಾಖ ಕೊಟ್ಟಿದ್ದೆ ಎಂದದ್ದಕ್ಕೆ ಅಪ್ಪ ಬೈದರು. ಆಮೇಲೆ ಹೊನ್ನಾವರದ ಆಸ್ಪತ್ರೆಯ ದಾರಿ, ನಮ್ಮ ಡಾಕ್ಟರು ಕೂರುವ ಹೊತ್ತು ಎಲ್ಲ ಹೇಳಿದರು.

“ಅವರು ಈ ಕಾಲಿನ ಆಪರೇಷನ್ ಚಲೋ ಮಾಡ್ತ್ರಾ?” ಆ ಮನುಷ್ಯ ಕೇಳಿದರು.

ಅಪ್ಪ ಗೇರ್ ಬದಲಾಯಿಸಿದರು. “ಇಲ್ಲ. ಅವ್ರಿಗೆ ಅದು ಬರೂದಿಲ್ಲ,” ಎಂದರು, ಹಿಂದಿನ ಸೀಟಿನವರಿಗೂ ಕೇಳುವಷ್ಟು ಗಟ್ಟಿಯಾಗಿ. “ಅದಕ್ಕೇ ಮೊದ್ಲು ಅವ್ರ ಹತ್ರ ಹೋಗು.”